ಕೆಂಗೇರಿಯ ಫಿರಂಗಿಗಾರನನ್ನು ಕಾಣಲು ಹೋದದ್ದು

ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಗಡಿಕಲ್ಲುಗಳೇ ಹೆಚ್ಚು. ಕಾರ್ತಿಕದ ಒಂದು ಭಾನುವಾರ ಬೆಳಿಗ್ಗೆ ಅಲ್ಲಿನ ನನ್ನ ಮನೆಯಿಂದ ಮಂಜಿನಲ್ಲಿ ನಡೆದು ನಾನು ಬಿನ್ನಿಪೇಟೆ ತಲುಪಿದಾಗ, ಸೂಸೈ ಒಗೆದ ಷರ್ಟು ತೊಟ್ಟು, ಕಂಕುಳಲ್ಲಿ ತಾಳೆಗರಿಯ ಬುಟ್ಟಿ ಇರುಕಿಕೊಂಡು ಕಾದು ನಿಂತಿದ್ದ. ಅವನು ಅಲ್ಲಿನ ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸುವವನು, ನಾನು ಅಲ್ಲೇ ಗುಮಾಸ್ತ. ಹುಟ್ಟಿನಿಂದ ಅವನು ಮದ್ರಾಸ್ ಕಡೆಯ ಬೆಸ್ತ. ಯುದ್ಧದ ಕಾಲದಲ್ಲಿ ಅವರೂರಿನ ಮರಳುದಿಬ್ಬದ ಮೇಲೆ ಕಡಲಿಗೆ ಮುಖ ಮಾಡಿ ದೊಡ್ಡ ಫಿರಂಗಿಯೊಂದನ್ನು ನಿಲ್ಲಿಸಿದ್ದರಂತೆ. ಒಂದು ದಿನ ಅದರ ಬಾಯಿಂದ ತನ್ನನ್ನು ಉಳಿಸಿದ ಸಿಪಾಯಿಯ ಹೆಸರು ಚಿಕ್ಕಹನುಮಯ್ಯ, ಊರು ಕೆಂಗೇರಿ ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಆ ಕೆಂಗೇರಿ ಇಲ್ಲಿಂದ ಎಂಟೇ ಮೈಲಿ ಎಂದು ನಾನು ಹೇಳಿದ ದಿನ ಅವನು ಅರ್ಧ ಊಟದಲ್ಲೇ ಎದ್ದುಬಿಟ್ಟಿದ್ದ.

"ಇದಾರೋ ಇಲ್ವೋ ಗೊತ್ತಿಲ್ಲ ಸಾರ್. ಇದ್ರೆ ಒಂದ್ಸಲ ನೋಡ್ಬೇಕು. ನೀವೂ ಬನ್ನಿ, ನನ್ನ ಕನ್ನಡ ಸಾಲಲ್ಲ" ಎಂದಿದ್ದ.

ಸಿಟಿ ಸ್ಟೇಷನ್ನಿನಲ್ಲಿ ಮೈಸೂರು ಗಾಡಿ ಹಿಡಿದೆವು. ಮೂರನೇ ತರಗತಿ, ತಲೆಗೆ ಮೂರೂವರೆ ಆಣೆ. ನಾಯಂಡಹಳ್ಳಿ ದಾಟಿದ ಮೇಲೆ ಎರಡೂ ಕಡೆ ರಾಗಿ ಹೊಲ, ನಡುವೆ ತೆಂಗು. ಸೂಸೈ ಒಂದನ್ನೂ ನೋಡಲಿಲ್ಲ. ಗಾಡಿ ನಿಧಾನವಾದಾಗಲೆಲ್ಲ "ಇದೇನಾ ಸಾರ್?" ಎಂದು ಕೇಳುತ್ತಿದ್ದ.

ಕೆಂಗೇರಿಯಲ್ಲಿ ಇಳಿದು ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತ ವಿಚಾರಿಸಿದೆವು.

"ಕಿವುಡು ಹನುಮಯ್ಯನವರಾ? ಕೆರೆ ಏರಿ ದಾಟಿದ್ರೆ ಹಿಪ್ಪುನೇರಳೆ ತೋಟ, ಅಲ್ಲೇ ಮನೆ" ಎಂದ ಹೋಟೆಲಿನವನು. "ಕೂಗಿದ್ರೆ ಕೇಳ್ಸಲ್ಲ. ಎದುರಿಗೆ ಹೋಗಿ ನಿಂತ್ಕೊಳ್ಳಿ."

ಅವರು ಕಿವುಡರೆಂಬುದು ಸೂಸೈಗೆ ಗೊತ್ತಿರಲಿಲ್ಲ. ಎಲೆಯಲ್ಲಿ ಉಳಿದ ಇಡ್ಲಿಯನ್ನು ಅವನು ಮತ್ತೆ ಮುಟ್ಟಲಿಲ್ಲ.

ಬಾಗಿಲಲ್ಲಿ ನಮ್ಮನ್ನು ತಡೆದವರು ಅವರ ಹೆಂಡತಿ ಕೆಂಪಮ್ಮ. "ಆ ಬುಟ್ಟಿಲಿರೋದು ಮೀನಲ್ವಾ? ಆಚೇನೇ ಇರ್ಲಿ ಅಣ್ಣಾ. ಒಳಗೆ ರೇಷ್ಮೆಹುಳ ಇದಾವೆ, ಈ ವಾಸನೆ ಅವಕ್ಕೆ ಆಗಲ್ಲ." ಒಣಮೀನಿನ ಬುಟ್ಟಿ ಹುಣಸೆಮರದ ಕೊಂಬೆಗೇರಿತು. ಒಳಗೆ ತಟ್ಟೆ ತಟ್ಟೆಯಲ್ಲಿ ಹುಳುಗಳು ಎಲೆ ಮೇಯುವ ಸದ್ದು ಸೋನೆಮಳೆಯಂತೆ ಕೇಳುತ್ತಿತ್ತು. ಎಲೆ ಹರಡುತ್ತಿದ್ದ ಹನುಮಯ್ಯನವರು ನಮ್ಮ ನೆರಳು ಕಂಡು ತಿರುಗಿದರು. ಐವತ್ತರ ಹತ್ತಿರದ, ಅಗಲ ಭುಜದ ಮನುಷ್ಯ.

ಅವರೊಡನೆ ಮಾತಾಡಲೆಂದೇ ಗೋಡೆಗೆ ಒಂದು ಸ್ಲೇಟು ನೇತುಹಾಕಿತ್ತು. ಅದರಲ್ಲಿ ನಾನು ಬರೆದೆ: "ಇವನು ಸೂಸೈ. ಅವತ್ತು ನಿಮ್ಮ ಫಿರಂಗಿಯ ಮುಂದೆ ಬಂದ ಕಟ್ಟುಮರದಲ್ಲಿದ್ದವನು."

ಅವರು ಅದನ್ನು ಎರಡು ಸಲ ಓದಿ, ಜಗಲಿಗೆ ಬಂದು ಕುಳಿತರು. ಆಮೇಲೆ, ಹೊಲದ ಆಚೆ ಬದಿಯವರಿಗೆ ಹೇಳುವಂತೆ ಗಟ್ಟಿಯಾಗಿ ಹೇಳತೊಡಗಿದರು.

"ನಳಿಗೆ ಒಂದೇ ಇಪ್ಪತ್ಮೂರು ಅಡಿ. ಗುಂಡು ನೂರು ಪೌಂಡು. ಅಷ್ಟು ಭಾರದ್ದು ಒಬ್ಬನ ಕೈಲಿ ಚಕ್ರದಿಂದ ತಿರುಗ್ತಿತ್ತು. ಅಂಥ ಕೆಲಸಗಾರಿಕೆ ಆಮೇಲೆ ನಾನೆಲ್ಲೂ ನೋಡಿಲ್ಲ. ಅವತ್ತು ಬೆಳಿಗ್ಗೆ ಗುರುತಿಲ್ಲದ ಹಡಗು ಬಂತು. ಎಚ್ಚರಿಕೆಗೆ ಅದರ ಮುಂದಿನ ನೀರಿಗೆ ಒಂದು ಹೊಡೀರಿ ಅಂದ್ರು. ಹಗ್ಗ ಎಳೆದ್ವಿ, ಗುಂಡು ಹಾರ್ಲಿಲ್ಲ. ಹಾಗಾದಾಗ ಫಿರಂಗಿಯ ಹಿಂದಿನ ಬಾಗಿಲು ತೆಗೀಬಾರ್ದು, ಒಳಗಿನ ಮದ್ದು ತಡವಾಗಿ ಹತ್ಕೊಳ್ಬೋದು. ಎಲ್ಲಾರ್ನೂ ಗೋಡೆ ಹಿಂದಕ್ಕೆ ಕಳಿಸಿದ್ರು. ಅಷ್ಟರಲ್ಲಿ ಗಾಳಿಗೆ ಸಿಕ್ಕಿ ಕಟ್ಟುಮರಗಳು ನೇರ ನಳಿಗೆ ಮುಂದಕ್ಕೇ ಬಂದ್ವು."

ಹನುಮಯ್ಯನವರೊಬ್ಬರೇ ಓಡಿಹೋಗಿ ಚಕ್ರದ ಬಳಿ ಕುಳಿತರು. ದೋಣಿಗಳು ಸರಿದ ಹಾಗೆ ನಳಿಗೆಯನ್ನು ಅಂಗುಲ ಅಂಗುಲವಾಗಿ ಬರಿಗಡಲಿನ ಕಡೆಗೆ ಸರಿಸಿದರು. ಹಿಂದಿನಿಂದ ಸಾಹೇಬರು ಹೇಳುವುದು ಕೇಳಲೆಂದು ಕಿವಿಯ ಹತ್ತಿಯನ್ನು ಕಿತ್ತು ಹಾಕಿದ್ದರು. ಆಗಲೇ ಫಿರಂಗಿಯ ಗುಂಡು ಹಾರಿತು.

"ಹೊಗೇಲಿ ಏನೂ ಕಾಣ್ಲಿಲ್ಲ. ಕಿವೀಲಿ ರಕ್ತ. ಆಸ್ಪತ್ರೇಲಿ ಸಾಹೇಬರು ಚೀಟಿ ಬರೆದ್ರು, ಎಲ್ಲಾ ಕ್ಷೇಮ ಅಂತ. ರೋಗಿಗೆ ಇನ್ನೇನು ಬರೀತಾರೆ? ನಾನು ನಂಬ್ಲಿಲ್ಲ."

ಅವರು ಸೂಸೈ ಕಡೆ ತಿರುಗಿದರು. "ಎಷ್ಟು ಜನ ಇದ್ರಿ ತಮ್ಮಾ?"

ಸೂಸೈ ನಾಲ್ಕು ಬೆರಳು ತೋರಿಸಿ ಅಲೆಯಂತೆ ಕೈಯಾಡಿಸಿದ. ಆಮೇಲೆ ಎರಡು ಹಸ್ತವನ್ನೂ ಬಿಡಿಸಿ, ಮೇಲೊಂದು ಬೆರಳು ಎತ್ತಿದ. ನಾಲ್ಕು ಕಟ್ಟುಮರ, ಹನ್ನೊಂದು ಜನ.

"ಎಷ್ಟು ಜನ ಮನೆಗೆ ಹೋದ್ರಿ?"

ಅವನು ಮತ್ತೆ ಹಾಗೆಯೇ ಹನ್ನೊಂದು ತೋರಿಸಿದ.

ಹನುಮಯ್ಯನವರು ಸ್ಲೇಟನ್ನು ಒರೆಸಿ ನನ್ನ ಕೈಗಿಟ್ಟರು. "ಹೆಸರು ಬರೀರಿ ಸ್ವಾಮಿ. ಎಲ್ಲಾರ್ದೂ."

ಸೂಸೈ ಹೇಳುತ್ತ ಹೋದ, ನಾನು ಬರೆದೆ. ಒಂದು ಬದಿ ತುಂಬಿ ಸ್ಲೇಟಿನ ಹಿಂಬದಿಗೂ ಬರೆಯಬೇಕಾಯಿತು. ಅವರು ಒಂದೊಂದು ಹೆಸರನ್ನೂ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದರು. ತಪ್ಪಿದಾಗ ಸೂಸೈ ಅವರ ಮಂಡಿ ತಟ್ಟಿ, ತುಟಿ ತೋರಿಸಿ ತಿದ್ದುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ಕೆಂಪಮ್ಮ ಸೆರಗು ಬಾಯಿಗೊತ್ತಿಕೊಂಡು ಹಿತ್ತಲಿಗೆ ಹೋದರು.

ಮಧ್ಯಾಹ್ನ ಅಂಗಳದಲ್ಲೇ ಮೂರು ಕಲ್ಲಿನ ಒಲೆ ಹೂಡಿ ಮೀನಿನ ಸಾರು ಮಾಡಿದರು. ಮುದ್ದೆ ನುಂಗುವುದನ್ನು ಸೂಸೈಗೆ ಹನುಮಯ್ಯನವರೇ ಕಲಿಸಿದರು.

ನಾಲ್ಕರ ಬಸ್ಸಿಗೆ ಅವರು ಮೈಸೂರು ರಸ್ತೆಯವರೆಗೂ ಬಂದರು. ಬಸ್ಸು ದೂರದಲ್ಲಿ ಕಂಡಾಗ ಸೂಸೈಯ ತೋಳು ಹಿಡಿದುಕೊಂಡರು.

"ಮೂರು ವರ್ಷ ಆ ಕಡಲು ಕಾದೆ ತಮ್ಮಾ. ಗೋಡೆ ಹಿಂದಿಂದ ನೋಡಿದ್ದೇ ನೋಡಿದ್ದು, ಒಂದು ದಿನ ನೀರಿಗೆ ಕಾಲಿಡ್ಲಿಲ್ಲ. ಈ ಸಲ ರೇಷ್ಮೆಗೂಡು ಮಾರಿದ ಮೇಲೆ ನಿಮ್ಮೂರಿಗೆ ಬರ್ತೀನಿ. ಕಟ್ಟುಮರದಲ್ಲಿ ಕೂರಿಸ್ತೀಯಾ?"

ಸೂಸೈ ಎರಡೂ ಕೈಯಲ್ಲಿ ಗಾಳಿಗೇ ದೋಣಿಯ ಹುಟ್ಟು ಹಾಕಿ ತೋರಿಸಿದ. ಬಸ್ಸು ಹೊರಟ ಮೇಲೆ ನಾನು ಹಿಂದಿನ ಕಿಟಕಿಯಿಂದ ನೋಡಿದೆ. ರಸ್ತೆಯ ಅಂಚಿನಲ್ಲಿ ನಿಂತು ಹನುಮಯ್ಯನವರು ಅದೇ ರೀತಿ ಹುಟ್ಟು ಹಾಕುತ್ತಿದ್ದರು.