ಸಂಗಪ್ಪ ಕಾಕಾನ ವೇದಿಕೆಯ ನಿದ್ದೆ

ಕರಡಿ ಎಂಬ ಚರ್ಮವಾದ್ಯವನ್ನು ಕೊರಳಿಗೆ ಹಾಕಿಕೊಂಡ ಕೂಡಲೇ ಸಂಗಪ್ಪ ಕಾಕಾ ಕಣ್ಣು ಮುಚ್ಚಿಬಿಡುತ್ತಿದ್ದರು. ಮೆರವಣಿಗೆಯಲ್ಲೂ ಹಾಗೆಯೇ ನಡೆಯುತ್ತಿದ್ದರು. ಮುಂದೆ ತಗ್ಗು ಬಂದರೆ ಪಕ್ಕದಲ್ಲಿ ತಾಳ ಹಿಡಿದ ನಾನು ಮೊಣಕೈಯಿಂದ ತಿವಿಯಬೇಕು. "ಕಣ್ಣು ತೆಗದ್ರ ಮಂದಿ ಕಾಣಸ್ತಾರ. ಮಂದಿ ಕಂಡ್ರ ಕೈ ಡೌಲು ಮಾಡತೈತಿ" ಎನ್ನುತ್ತಿದ್ದರು.

ಅವರು ಬಬಲೇಶ್ವರದವರು, ನಾನು ತಿಕೋಟಾದವನು. ಅವರ ಕರಡಿ ಮಜಲಿನ ತಂಡದಲ್ಲಿ ಹದಿನಾರು ವರ್ಷ ತಾಳ ಹೊಡೆದೆ. ಶಾಲೆ ಬಿಟ್ಟಿದ್ದ ನನ್ನಿಂದ ಮೂವತ್ತೆಂಟನೇ ವಯಸ್ಸಿನಲ್ಲಿ ಹತ್ತನೇ ಪರೀಕ್ಷೆ ಕಟ್ಟಿಸಿದವರೂ ಅವರೇ. "ಲೇ ಭೀಮಾ, ನಾ ಅಂತೂ ಹೆಬ್ಬೆಟ್ಟು. ಸಹಿ ಮಾಡ್ರಿ ಅಂತಾರ. ಅಲ್ಲಿ ಏನ್ ಬರದೈತಿ ಅಂತ ಹೇಳಾಕ ತಂಡದಾಗ ಒಬ್ಬನರ ಬೇಕಲ್ಲಾ?" ಪಾಸಾದ ದಿನ ವಿಜಯಪುರದ ಗಾಂಧಿ ಚೌಕದಲ್ಲಿ ಪೆನ್ನು ಕೊಡಿಸಿ, ಅಂಗಡಿಯವನಿಗೆ "ನಮ್ಮ ಹುಡುಗ ಪಾಸ್ ಆಗ್ಯಾನ್ರಿ" ಎಂದರು. ಅವನು ನನ್ನ ನರೆತ ಮೀಸೆ ನೋಡಿ ನಕ್ಕ.

ನ್ಯೂಜಿಲೆಂಡಿನ ಕನ್ನಡಿಗರು ನಮ್ಮ ತಂಡವನ್ನು ಕರೆಸಿದಾಗ, ಕಾಕಾನ ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಅವರ ಮಗಳು ನೀಲವ್ವ ನನ್ನ ಕೈಗಿಟ್ಟಳು. ಮುಂಜಾನೆ ಎಂಟಕ್ಕೊಂದು, ಸಂಜೆ ಎಂಟಕ್ಕೊಂದು, ಊಟಕ್ಕೆ ಮುಂಚೆ. "ಅಣ್ಣಾ, ನೀ ಓದಿದಾಂವ ಅದೀ. ನಿನ್ನ ಮ್ಯಾಲೆ ಬಿಟ್ಟೇನಿ." ಮೊಬೈಲಿನಲ್ಲಿ ಎರಡು ಅಲಾರಾಂ ಇಟ್ಟೆ.

ಆ ದೇಶದ ರಾತ್ರಿಗೆ ಮಲಗಿ, ಆ ದೇಶದ ಹಗಲಿಗೆ ಎಚ್ಚರವಿರಿ, ಇಲ್ಲವಾದರೆ ಮೈ ಹೊಂದುವುದಿಲ್ಲ ಎಂದು ಕರೆಸಿದವರು ಮೊದಲೇ ಹೇಳಿದ್ದರು. ವಿಮಾನದಲ್ಲಿ ಕಾಕಾ ಮಲಗಲೂ ಇಲ್ಲ, ಉಣ್ಣಲೂ ಇಲ್ಲ. ಜಳಕವಾಗಿ ಲಿಂಗಪೂಜೆ ಮುಗಿಯದೆ ಅವರು ಎಂದೂ ತುತ್ತು ಎತ್ತಿದವರಲ್ಲ. ತಂದಿಟ್ಟ ತಟ್ಟೆಯನ್ನು ಕೈಮುಗಿದು ಹಿಂದಕ್ಕೆ ಕೊಟ್ಟರು. "ಇಳದ ಮ್ಯಾಲೆ ಜಳಕಾ ಮಾಡಿ ಉಣ್ತೀನಿ ತಗೋ. ಮೈ ಇನ್ನೂ ಬಬಲೇಶ್ವರದಾಗ ಐತಿ ಭೀಮಾ, ಇಲ್ಲಿ ಬಂದಿದ್ದು ಬರೇ ಅಂಗಿ." ನಮ್ಮೂರ ಮುಂಜಾನೆಯ ಎಂಟಕ್ಕೆ ಅಲಾರಾಂ ಬಡಿಯಿತು. ಹಸಿದ ಹೊಟ್ಟೆಗೇ ಗುಳಿಗೆ ಕೊಟ್ಟೆ.

ವಿಮಾನ ತಡವಾಗಿತ್ತು. ಇಳಿದವರನ್ನು ಸೀದಾ ಸಭಾಂಗಣಕ್ಕೆ ಒಯ್ದರು. ಜಳಕಕ್ಕೆ ಪುರಸೊತ್ತಿಲ್ಲ. ವೇದಿಕೆ ಹತ್ತುವ ಮುನ್ನ ಅಲಾರಾಂ ಮತ್ತೆ ಹೊಡೆಯಿತು. ಮೊಬೈಲು ತಾನಾಗಿಯೇ ಆ ದೇಶದ ಗಂಟೆ ಹಿಡಿದಿತ್ತು. ಮೊದಲ ಗುಳಿಗೆ ಕೊಟ್ಟು ಐದಾರು ತಾಸೂ ಆಗಿಲ್ಲವೆಂಬುದು ನನಗೆ ಹೊಳೆಯಲಿಲ್ಲ.

"ಈಗಷ್ಟ ಕೊಟ್ಟಿದ್ದೀಯಲ್ಲೋ?"

"ಅದು ಮುಂಜಾನೀದ್ರಿ ಕಾಕಾ. ಇದು ಸಂಜೀದು."

"ಓದಿದಾಂವ ಹೇಳಿದ ಮ್ಯಾಲೆ ಮುಗೀತು" ಎಂದು ನುಂಗಿದರು.

ಸ್ವಲ್ಪ ಹೊತ್ತು ಕರಡಿ ಗುಡುಗಿತು. ಆಮೇಲೆ ಲಯ ಜಾರಿತು. ಕಣ್ಣು ಮೊದಲೇ ಮುಚ್ಚಿದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಕೈಯ ಕಡ್ಡಿ ಬಿತ್ತು. ಬೆವರಿನಲ್ಲಿ ತೊಯ್ದು ಮಗ್ಗುಲಾದರು. ಪ್ರಯಾಣದ ನಿದ್ದೆಯೆಂದು ಸಭೆ ನಕ್ಕಿತು.

ಆಸ್ಪತ್ರೆಯಲ್ಲಿ ಅವರಿಗೆ ಎಚ್ಚರವಾದಾಗ, ಸಕ್ಕರೆ ಇಷ್ಟು ಇಳಿಯಲು ಏನು ಕೊಟ್ಟಿರಿ ಎಂದು ಕನ್ನಡದ ಡಾಕ್ಟರಮ್ಮ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ, "ನಾನ ತಿಳೀದ ಎರಡು ನುಂಗೇನ್ರಿ ಯವ್ವಾ" ಎಂದರು. ಆಕೆ ಹೋದ ಮೇಲೆ ನನಗೆ, "ಊರಾಗ ಕೇಳಿದ್ರ ನಿದ್ದಿ ಹತ್ತಿತ್ತು ಅಂತ ಹೇಳು. ನೀಲವ್ವಗ ಗುಳಿಗಿ ಸುದ್ದಿ ಬ್ಯಾಡ."

ಅವರು ಉರುಳಿದ ವಿಡಿಯೊ ನಮಗಿಂತ ಮೊದಲೇ ವಿಜಯಪುರ ಮುಟ್ಟಿತ್ತು. "ಏ ಸಂಗಪ್ಪಾ, ಮಲಗಾಕ ಅಷ್ಟು ದೂರ ಯಾಕ ಹೋಗಿದ್ಯೋ? ಹಾಸಿಗಿ ಇಲ್ಲೇ ಇತ್ತಲ್ಲೋ!" ಎಂದು ಊರ ಮಂದಿ ಕಾಡಿಸುತ್ತಿದ್ದರು. ಕಾಕಾ ನಗುತ್ತಿದ್ದರು. "ಅಲ್ಲಿ ಗಾಳಿ ತಂಪಿತ್ತಪಾ." ನಿಡೋಣಿಯ ಒಂದು ಮದುವೆಗೆ ಕರೆಯಲು ಬಂದವರು, "ಎಚ್ಚರ ಇರೂ ಮಂದಿ ಕಳಸ್ರಿ" ಎಂದು ಅವರ ಎದುರಿಗೇ ಅಂದರು. ಅಂದಿನಿಂದ ಅವರು ಕರಡಿ ಮುಟ್ಟಲಿಲ್ಲ.

ಕೊನೆಯ ಸಲ ಕಂಡಾಗ ಜ್ವರದಲ್ಲಿ ಮಲಗಿದ್ದರು. "ಕಾಕಾ, ನಾ ಎಲ್ಲಾರಿಗೂ ಹೇಳಿಬಿಡ್ತೀನ್ರಿ" ಎಂದೆ.

"ಹುಚ್ಚದೀಯೇನು? ಮಂದಿ ನಿನ್ನ ಕಡಿಂದ ಕಾಗದಾ ಓದಸ್ಕೊಳ್ಳಾಕ ಬರ್ತಾರ. ಇದು ಗೊತ್ತಾದ್ರ ಯಾರ್ ಬರ್ತಾರ? ನನಗೇನ್ ಆಗೂದೈತಿ, ಬಿಡು."

ಬಿಟ್ಟೆ. ಅವರು ತೀರಿಕೊಂಡ ವಾರದಲ್ಲಿ ನೀಲವ್ವ ಕಣ್ಣೊರೆಸಿಕೊಳ್ಳುತ್ತ, "ಅಷ್ಟು ದೂರ ಹೋಗಿ ಮಲಗಿಬಿಟ್ರಲ್ಲ ನಮ್ಮಪ್ಪ" ಎಂದು ನಕ್ಕಳು. ಆ ನಗು ನೋಡಲಾಗದೆ ಎಲ್ಲವನ್ನೂ ಹೇಳಿದೆ.

"ಎರಡು ವರ್ಷ ಮಂದಿ ಅವರನ್ನ ಆಡಿಕೊಳ್ಳುವಾಗ ನೀ ಎಲ್ಲಿದ್ದಿ ಅಣ್ಣಾ?"

ಅಲ್ಲೇ, ಅವರ ಪಕ್ಕದಲ್ಲೇ ಇದ್ದೆ. ಮಂದಿಯ ಜೊತೆ ನಾನೂ ನಕ್ಕಿದ್ದೆ.