ಕತ್ತರಿ ಇಲ್ಲದವರಿಗೂ ಕಾರ್ಡು ಕಲಿಸಿದ ಗುಣವತಿ ಟೀಚರ್

ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ಕರಕುಶಲ ಎಂಬ ಪೀರಿಯಡ್ಡು ಸಾಮಾನ್ಯವಾಗಿ ಮಧ್ಯಾಹ್ನದ ಊಟದ ಬಳಿಕ, ಕಣ್ಣು ಎಳೆಯುವ ಹೊತ್ತಿಗೆ ಬರುತ್ತದೆ. ಪರೀಕ್ಷೆ ಹತ್ತಿರವಾದಾಗ ಗಣಿತದವರೋ ವಿಜ್ಞಾನದವರೋ ಅದನ್ನು ಕೇಳಿ ಪಡೆಯುತ್ತಾರೆ. ಕೊಟ್ಟವರಿಗೆ ಕೃತಜ್ಞತೆ ಹೇಳುವ ಕ್ರಮವೂ ಇಲ್ಲ. ಅಂಥ ಒಂದು ಪೀರಿಯಡ್ಡನ್ನು ಮೂರು ದಶಕಗಳಿಗೂ ಮಿಕ್ಕಿ ಜತನದಿಂದ ಕಾಪಾಡಿಕೊಂಡು ಬಂದು, ಕಾಟಿಪಳ್ಳದ ಮಕ್ಕಳ ಕೈಗೆ ಕಾಗದದ ಚೂರುಗಳನ್ನಿತ್ತು ಶುಭಾಶಯದ ಕಾರ್ಡು ಮಾಡುವುದನ್ನು ಕಲಿಸಿ, ಇತ್ತೀಚಿನ ವರ್ಷಗಳಲ್ಲಿ ಅದೇ ವಿದ್ಯೆಯನ್ನು ಅಂತರ್ಜಾಲದ ಮೂಲಕ ಕಡಲಾಚೆಗೂ ಮುಟ್ಟಿಸಿದ ಶ್ರೀಮತಿ ಗುಣವತಿ ಟೀಚರ್ ಅವರು ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ನಮ್ಮ ಜಿಲ್ಲೆಯ ವೃತ್ತಿಶಿಕ್ಷಣ ಅಧ್ಯಾಪಕರ ನಡುವೆ ಅವರ ಸ್ಥಾನವೇನೆಂಬುದನ್ನು ಈ ಅಭಿನಂದನ ಗ್ರಂಥದಲ್ಲಿ ಬಲ್ಲವರು ಬರೆದಿದ್ದಾರೆ. ಏರ್ ಕಂಡೀಷನ್ ದುರಸ್ತಿಯ ಕೆಲಸ ಮಾಡುವ ನನಗೂ ಆ ಬಲ್ಲವರ ಪಕ್ಕದಲ್ಲಿ ಜಾಗ ಕೊಟ್ಟ ಸಂಪಾದಕ ಮಂಡಳಿಗೆ ನಾನು ಋಣಿ. ಶಾಲೆ ಬಿಟ್ಟ ಮೇಲೆ ಇಷ್ಟು ಉದ್ದದ ಕನ್ನಡವನ್ನು ನಾನು ಬರೆದದ್ದಿಲ್ಲ. ತಪ್ಪಿದ್ದರೆ ಓದುಗರು ತಿದ್ದಿಕೊಳ್ಳಬೇಕು.

ಟೀಚರ್ ಬಿಕರ್ನಕಟ್ಟೆಯವರು. ಅವರ ಪತಿ ಮೋಹನದಾಸ ಅವರದು ಹಿಂದೆ ಗದ್ದೆ ತೋಟಗಳಿದ್ದ, ಆಮೇಲೆ ಹೋಟೆಲು ಉದ್ಯಮಕ್ಕೆ ಇಳಿದ ಮನೆತನ. ಆ ಮನೆಯ ಸೊಸೆ ದಿನವೂ ಎರಡು ಬಸ್ಸು ಬದಲಿಸಿ ನಮ್ಮೂರಿಗೆ ಬಂದು ಕಾಗದ ಅಂಟಿಸುವುದನ್ನು ಕಲಿಸಬೇಕಾದ ಅಗತ್ಯವೇನಿತ್ತು ಎಂದು ಆ ಕಾಲದಲ್ಲಿ ಜನ ಆಡಿಕೊಂಡದ್ದುಂಟು. ಟೀಚರ್ ಅದಕ್ಕೆ ಉತ್ತರ ಕೊಟ್ಟದ್ದನ್ನು ಯಾರೂ ಕೇಳಿಲ್ಲ. ಅವರ ಹೆಗಲಿನಲ್ಲಿ ಒಂದು ದೊಡ್ಡ ಬಟ್ಟೆಯ ಚೀಲ ಇರುತ್ತಿತ್ತು. ಅದರೊಳಗೆ ಸುರತ್ಕಲ್ಲಿನ ಒಂದು ಮುದ್ರಣಾಲಯದವರು ಕತ್ತರಿಸಿ ಬಿಸಾಡುವ ಅಂಚಿನ ಪಟ್ಟಿಗಳು, ಹಳೆಯ ಮದುವೆ ಕಾಗದಗಳು, ಸೀರೆಯ ಪೆಟ್ಟಿಗೆಗಳು, ಕ್ಯಾಲೆಂಡರಿನ ಹಾಳೆಗಳು, ಹೋಟೆಲಿನಲ್ಲಿ ಉಳಿದ ಸಿಹಿತಿಂಡಿಯ ಬಾಕ್ಸಿನ ರಟ್ಟುಗಳು ಇರುತ್ತಿದ್ದವು. ಬಸ್ಸಿನ ಕಂಡಕ್ಟರುಗಳಿಗೂ ಆ ಚೀಲ ಪರಿಚಿತ. "ಟೀಚರೇ, ಇವತ್ತು ಎಂತ ಗುಜರಿ?" ಎಂದು ಕೇಳುತ್ತಲೇ ಅದನ್ನು ಎತ್ತಿ ಡ್ರೈವರನ ಹಿಂದೆ ಜೋಪಾನವಾಗಿ ಇಡುತ್ತಿದ್ದರು.

ನಾನು ಎಂಟನೆಯ ತರಗತಿಗೆ ಸೇರಿದಾಗ ಅವರು ಕರಕುಶಲ ಕೋಣೆಯಲ್ಲಿ ಚೂರುಗಳನ್ನು ಬಣ್ಣದ ಪ್ರಕಾರ ರಾಶಿ ಹಾಕಿಸುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕೋಣೆಯಲ್ಲಿ ಗೋಂದಿನ ವಾಸನೆ, ಕಿಟಕಿಯಾಚೆ ತೈಲ ಸಂಸ್ಕರಣಾಗಾರದ ಕೊಳವೆಯ ತುದಿಯ ಬೆಂಕಿ. ಬೇರೆ ಮಾಸ್ತರರ ಕ್ಲಾಸಿನಲ್ಲಿ ಗಲಾಟೆ ಮಾಡುವವರು ಕೂಡ ಅಲ್ಲಿ ಸುಮ್ಮನಾಗುತ್ತಿದ್ದರು. ಟೀಚರದು ಒಂದೇ ನಿಯಮ. ಕಾಗದ ಕೇಳಲು ಹೋದವರನ್ನು ಅವರು "ಯಾರಿಗೆ?" ಎಂದು ಕೇಳುವರು. ಯಾರಿಗೆಂದು ಹೇಳದೆ ಕಾಗದ ಸಿಗದು.

ನಾನು ನನ್ನ ಅಮ್ಮನ ಹೆಸರು ಹೇಳಿದೆ. ಅಮ್ಮನ ಹೆಸರು ಕಿನ್ನಿ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. "ಅಮ್ಮನಿಗೆ ಓದ್ಲಿಕ್ಕೆ ಬರುವುದಿಲ್ಲ ಟೀಚರ್. ಒಳಗೆ ಎಂತ ಬರೆಯುವುದು?" ಎಂದು ಕೇಳಿದೆ.

"ಬರೆಯುವುದು ಎಂತಕ್ಕೆ? ಅಮ್ಮನಿಗೆ ಗುರ್ತ ಸಿಗುವಂಥದ್ದು ಏನಾದ್ರೂ ಅಂಟಿಸು," ಎಂದರು.

ನಾನು ಪಾರ್ಸೆಲ್ಲಿನ ಕಂದು ಕಾಗದ ಹರಿದು ನಮ್ಮ ಮನೆಯ ಹೇಂಟೆಯನ್ನು ಮಾಡಿದೆ. ಅದಕ್ಕೆ ಒಂದು ಕಾಲು ಊನವಾಗಿತ್ತು. ಕಾರ್ಡಿನಲ್ಲೂ ಒಂದು ಕಾಲು ಗಿಡ್ಡ ಮಾಡಿದ್ದೆ. ಅಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, ನಮ್ಮ ಕುಂಟು ಕೋಳಿಯಲ್ಲವೇ ಇದು ಎಂದು ನಕ್ಕರು. ನನ್ನ ತಂದೆ ಗುರುವಪ್ಪ ತೀರಿಹೋಗಿ ಹೆಚ್ಚು ಸಮಯವಾಗಿರಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಅಮ್ಮ ನಕ್ಕದ್ದು ನನಗೆ ನೆನಪಿರುವಂತೆ ಅದೊಂದೇ ಸಲ.

ಆಮೇಲೆ ನಾನು ಐಟಿಐ ಮುಗಿಸಿ, ಕೆಲವು ವರ್ಷ ಊರಿನಲ್ಲಿ ದುಡಿದು, ಕುವೈತಿಗೆ ಹೋದೆ. ಅಂಗಡಿಗಳಲ್ಲಿ ಗ್ರೀಟಿಂಗ್ ಕಾರ್ಡುಗಳ ಕಾಲ ಮುಗಿಯಿತು. ಹೊಸ ವರ್ಷಕ್ಕೆ ಜನ ಮೊಬೈಲಿನಲ್ಲಿ ಹೂವಿನ ಚಿತ್ರ ಕಳಿಸತೊಡಗಿದರು. ಟೀಚರ ಕ್ಲಾಸು ಮಾತ್ರ ಹಾಗೆಯೇ ನಡೆಯಿತೆಂದು ರಜೆಯಲ್ಲಿ ಬಂದಾಗ ಕೇಳುತ್ತಿದ್ದೆ. ಊರಿಗೆ ಬಂದರೂ ಅವರನ್ನು ಹೋಗಿ ಕಾಣುವ ಬಿಡುವು ಒದಗುತ್ತಿರಲಿಲ್ಲ. ಮದುವೆ, ಮನೆ, ಮಗಳು ಎಂದು ನನ್ನ ದಿನಗಳು ಕಳೆದವು.

ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಟೀಚರ್ ಯೂಟ್ಯೂಬಿನಲ್ಲಿ 'ಚೂರುಪಾರು' ಎಂಬ ಹೆಸರಿನಲ್ಲಿ ಪಾಠ ಹಾಕತೊಡಗಿದರು. ಅಂಗಡಿಗೆ ಹೋಗಲಾರದ ಮಕ್ಕಳು ಮನೆಯಲ್ಲಿ ಇದ್ದುದರಲ್ಲೇ ಕಾರ್ಡು ಮಾಡಲಿ ಎಂಬುದಷ್ಟೇ ಅವರ ಉದ್ದೇಶ. ಫೋನು ಹಿಡಿಯುತ್ತಿದ್ದವರು ಮೋಹನದಾಸ ಅವರು. ಅವರ ಕೈ ಕೆಲವೊಮ್ಮೆ ಕಿಟಕಿಯ ಕಡೆಗೆ ಹೋಗಿ, ಪಾಠದ ಬದಲು ಕಿಟಕಿಯೇ ಕಾಣುತ್ತಿತ್ತು. ನಡುವೆ ಅವರ ದನಿಯೂ ಕೇಳುತ್ತಿತ್ತು: "ಗುಣಾ, ಕುಕ್ಕರು ಕೂಗ್ತಾ ಉಂಟು." ಟೀಚರ್ ಅದನ್ನು ಅಳಿಸುತ್ತಿರಲಿಲ್ಲ. ಕ್ಲಾಸಿನಲ್ಲಿ ನಿಂತ ಅಭ್ಯಾಸದಿಂದಲೇ ಫೋನಿನ ಕಡೆ ನೋಡಿ, "ಹಿಂದೆ ಕೂತವರಿಗೆ ಕಾಣ್ತದಾ?" ಎಂದು ಕೇಳುತ್ತಿದ್ದರು.

ಹಿಂದೆ ಕೂತವರಲ್ಲಿ ನಾನೂ ಒಬ್ಬನಿದ್ದೆ.

ಆ ಏಪ್ರಿಲಿನಲ್ಲಿ ನಾನು ಊರಿಗೆ ಬರುವುದೆಂದು ನಿಶ್ಚಯವಾಗಿತ್ತು. ಮಗಳು ಅನುಷ್ಕಾಳಿಗೆ ಹಾಗೆಂದು ಮಾತು ಕೊಟ್ಟಿದ್ದೆ. ವಿಮಾನಗಳು ನಿಂತವು. ಎಂಟು ವರ್ಷವೂ ತುಂಬದ ಮಗುವಿಗೆ ವಿಮಾನ ನಿಂತದ್ದು ಅರ್ಥವಾಗಲಿಲ್ಲ. ಅಪ್ಪ ಬರಲಿಲ್ಲ ಎಂಬುದು ಮಾತ್ರ ಅರ್ಥವಾಯಿತು. ಅವಳು ನನ್ನೊಡನೆ ಮಾತು ಬಿಟ್ಟಳು. ಹೆಂಡತಿ ಅಶ್ಮಿತಾ ಫೋನನ್ನು ಅವಳ ಮುಖದ ಮುಂದೆ ಹಿಡಿದರೆ ತಿರುಗಿ ಕುಳಿತುಕೊಳ್ಳುವಳು. ನನಗೆ ಅವಳ ಜಡೆ ಕಾಣುತ್ತಿತ್ತು, ಅಷ್ಟೆ. "ಸ್ವಲ್ಪ ದಿನ ಬಿಡಿ, ಸರಿ ಆಗ್ತಾಳೆ," ಎಂದು ಅಶ್ಮಿತಾ ಹೇಳುತ್ತಿದ್ದಳು. ಸರಿಯಾಗಲಿಲ್ಲ. ಅಷ್ಟರಲ್ಲಿ ನನಗೆ ಜ್ವರ ಹಿಡಿಯಿತು. ಕಂಪೆನಿಯವರು ನನ್ನನ್ನೂ ಬಜಪೆಯ ನಿಝಾರ್ ಎಂಬ ನನ್ನ ಸಹೋದ್ಯೋಗಿಯನ್ನೂ ಒಂದು ಕೋಣೆಯಲ್ಲಿ ಇಟ್ಟು ಹೊರಗಿನಿಂದ ಬಾಗಿಲು ಹಾಕಿದರು. ಪಕ್ಕದ ಕೋಣೆಗಳಿಂದ ಆಸ್ಪತ್ರೆಗೆ ಹೋದವರಲ್ಲಿ ಕೆಲವರು ಹಿಂದಿರುಗಲಿಲ್ಲ. ಮಗಳು ಮುಖ ತಿರುಗಿಸಿಕೊಂಡಿರುವಾಗಲೇ ನನಗೇನಾದರೂ ಆದರೆ ಎಂಬ ಯೋಚನೆ ಜ್ವರಕ್ಕಿಂತ ಹೆಚ್ಚು ಸುಡುತ್ತಿತ್ತು.

ಶಾಲೆಯ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ 'ಚೂರುಪಾರು' ಪಾಠವೊಂದು ನನ್ನ ಕಣ್ಣಿಗೆ ಬಿದ್ದದ್ದು ಆಗ. ಟೀಚರ ತಲೆ ನರೆತಿತ್ತು, ದನಿ ಮಾತ್ರ ಅದೇ. ನೋಡುತ್ತ ನೋಡುತ್ತ ನನಗೂ ಒಂದು ಕಾರ್ಡು ಮಾಡಬೇಕೆನಿಸಿತು. ಆದರೆ ಆ ಕೋಣೆಯಲ್ಲಿ ಕತ್ತರಿ ಇಲ್ಲ, ಗೋಂದು ಇಲ್ಲ. ಇದ್ದದ್ದು ಮಾತ್ರೆಯ ಪೆಟ್ಟಿಗೆಗಳು, ಟಿಶ್ಯೂವಿನ ಬಾಕ್ಸು, ಚಹಾದ ಪೊಟ್ಟಣದ ಕಾಗದ. ಪಾಠದ ಕೆಳಗೆ ಹೀಗೆ ಬರೆದೆ: "ಟೀಚರ್, ನಾನು ಕಾಟಿಪಳ್ಳದ ದೀಪೇಶ್. ಕುವೈತಿನಲ್ಲಿ ಕೋಣೆಯೊಳಗೆ ಇದ್ದೇನೆ. ಕತ್ತರಿ ಗೋಂದು ಎರಡೂ ಇಲ್ಲ. ಏನಾದರೂ ಮಾಡಲಿಕ್ಕೆ ಆಗುತ್ತದಾ?"

ಸ್ವಲ್ಪ ಹೊತ್ತಿನಲ್ಲೇ ಉತ್ತರ ಬಂತು. ಅದರಲ್ಲಿ ಇದ್ದದ್ದು ಒಂದೇ ಪದ. "ಯಾರಿಗೆ?"

"ಮಗಳಿಗೆ," ಎಂದು ಬರೆದೆ.

ಮರುದಿನವೇ ಹೊಸ ಪಾಠ ಬಂತು. ಅದರ ಹೆಸರು 'ಕತ್ತರಿ ಇಲ್ಲದವರಿಗೆ'. ನನ್ನ ಹೆಸರಾಗಲಿ ಕುವೈತಿನ ಸುದ್ದಿಯಾಗಲಿ ಅದರಲ್ಲಿ ಇರಲಿಲ್ಲ. ರಟ್ಟನ್ನು ಮಡಚಿ, ಮಡಿಕೆಯ ಮೇಲೆ ಉಗುರು ಎಳೆದು, ಚಮಚದ ತುದಿಯಿಂದ ನೀರು ಸವರಿ, ನಿಧಾನವಾಗಿ ಹರಿಯುವುದನ್ನು ಟೀಚರ್ ತೋರಿಸಿದರು. ಅಂಟಿಸಲು ಅನ್ನದ ಅಗುಳು. "ಊಟದಲ್ಲಿ ನಾಲ್ಕು ಅಗುಳು ಉಳಿಸಿದರೆ ಸಾಕು," ಎಂದರು. ಮೋಹನದಾಸ ಅವರ ಕೈ ಆ ದಿನ ಒಮ್ಮೆಯೂ ಕಿಟಕಿಯ ಕಡೆ ಹೋಗಲಿಲ್ಲ.

ನಾನು ಮಂಚದ ಮೇಲೆ ಕುಳಿತು ಮಾತ್ರೆಯ ಪೆಟ್ಟಿಗೆ ಬಿಡಿಸಿದೆ. ನಿಝಾರ್ ಮೊದಲು ನಕ್ಕ. "ನಿನಗೆ ಜ್ವರ ತಲೆಗೆ ಏರಿದ್ದಾ ಮಾರಾಯ?" ಎಂದ. ಸ್ವಲ್ಪ ಹೊತ್ತು ನೋಡಿ, "ಆ ಹಸಿರು ಬಾಕ್ಸು ನನಗೆ ಕೊಡು," ಎಂದ. ಯಾರಿಗೆ ಎಂದು ನಾನು ಕೇಳಿದೆ. "ಉಮ್ಮನಿಗೆ," ಎಂದು ಹೇಳಿ ಗೋಡೆಯ ಕಡೆ ತಿರುಗಿದ.

ಆ ಕಾರ್ಡನ್ನು ಅಂಚೆಗೆ ಹಾಕುವಂತಿರಲಿಲ್ಲ. ಆದ್ದರಿಂದ ಸಂಜೆ ಫೋನು ಮಾಡಿ, ಮಗಳು ತಿರುಗಿ ಕುಳಿತಿದ್ದರೂ ಸರಿ, ನಾನು ಮಾಡುತ್ತಿರುವುದನ್ನು ಅವಳ ಬೆನ್ನಿಗೇ ತೋರಿಸುತ್ತ ಹೋದೆ. ಕಾರ್ಡು ತೆರೆದಾಗ ಒಳಗಿನ ರಟ್ಟಿನ ಮನೆ ಎದ್ದು ನಿಲ್ಲಲು ಒಂದು ಮಡಿಕೆ ಹಿಮ್ಮುಖವಾಗಿ ಬೀಳಬೇಕು. ನಾನು ಅದನ್ನು ಮುಂದಕ್ಕೆ ಮಡಚಿದೆ. ಮನೆ ಮಲಗಿಬಿಟ್ಟಿತು. ಇನ್ನೊಮ್ಮೆ ಮಡಚಿದೆ, ಇನ್ನೊಮ್ಮೆ ಮಲಗಿತು. ಆಗ ಜಡೆ ಅಲುಗಿತು. ಅವಳು ಓರೆಗಣ್ಣಿನಲ್ಲಿ ನೋಡುತ್ತಿದ್ದಳು.

"ಅಂಚ ಅತ್ತ್," ಎಂದಳು. ಹಾಗಲ್ಲ ಅದು.

ನಾನು, "ಮತ್ತೆ ಹೇಗೆ?" ಎಂದು ಕೇಳಿದೆ.

"ಹಿಂದೆ ಮಡಚ್ಬೇಕು ಪಪ್ಪ. ಟೀಚರ್ ಹೇಳಿದ್ದು ಕೇಳ್ಲಿಲ್ವಾ ನೀವು?"

ಫೋನನ್ನು ಅಶ್ಮಿತಾಳ ಕೈಯಿಂದ ಕಿತ್ತುಕೊಂಡು, ತಾನೂ ಒಂದು ರಟ್ಟು ತಂದು, ನನ್ನೆದುರು ಕುಳಿತು ಮಡಚಿ ತೋರಿಸಿದಳು. ಎರಡು ಮನೆಗಳೂ ಎದ್ದು ನಿಂತ ಮೇಲೆ ಅವಳು ಮಾತಾಡುತ್ತಲೇ ಇದ್ದಳು. ಕೋಳಿಮರಿಯ ಸುದ್ದಿ, ಉದುರಿದ ಹಲ್ಲಿನ ಸುದ್ದಿ, ಅಜ್ಜಿ ಮಾಸ್ಕನ್ನು ತಲೆಕೆಳಗು ಹಾಕಿದ ಸುದ್ದಿ, ಹೀಗೆ ತಿಂಗಳುಗಟ್ಟಲೆ ಕಟ್ಟಿಟ್ಟ ಎಲ್ಲ ಸುದ್ದಿಯೂ ಬಂತು. ನಿಝಾರ್ ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ಇದ್ದ.

ಜ್ವರ ಇಳಿಯಿತು. ಕೆಲಸ ಹೋಯಿತು. ವಿಮಾನ ಬಿಟ್ಟಾಗ ನಾವಿಬ್ಬರೂ ಊರಿಗೆ ಬಂದೆವು. ಮನೆಗೆ ಬಂದ ಮೇಲೆ ಅನುಷ್ಕಾ ಒಂದು ದಿನ ತಾನಾಗಿ ಹೇಳಿದಳು: "ಗುಣವತಿ ಟೀಚರ್ ನನಗೆ ಫೋನ್ ಮಾಡಿದ್ರು." ಆ ಪಾಠ ಹಾಕಿದ ದಿನವೇ ಟೀಚರ್ ಹಳೆಯ ವಿದ್ಯಾರ್ಥಿಗಳಲ್ಲಿ ವಿಚಾರಿಸಿ ನಮ್ಮ ಮನೆಯ ನಂಬರು ಪಡೆದು, ಅಶ್ಮಿತಾಳಿಂದ ವಿಷಯ ತಿಳಿದು, ಮಗುವನ್ನೇ ಕರೆಸಿ ಮಾತಾಡಿದ್ದರು. ಅಪ್ಪನೊಡನೆ ಮಾತಾಡು ಎಂದು ಹೇಳಲಿಲ್ಲವಂತೆ. "ನಿನ್ನ ಅಪ್ಪ ನನ್ನ ಕ್ಲಾಸಿನಲ್ಲಿ ಯಾವಾಗಲೂ ಆ ಮಡಿಕೆ ತಪ್ಪು ಮಾಡ್ತಿದ್ದ. ಈ ಸಲ ನೀನೊಮ್ಮೆ ನೋಡ್ಕೊಳ್ಬೇಕು, ಆಯ್ತಾ?" ಎಂದಷ್ಟೇ ಹೇಳಿದ್ದರಂತೆ.

ಮರುದಿನ ಬೆಳಿಗ್ಗೆ ನಾನು ಬಿಕರ್ನಕಟ್ಟೆಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಟೀಚರ್ ನನ್ನನ್ನು ಕೂರಿಸಿ, ಚಹಾ ಕೊಟ್ಟು, "ಸಪೂರ ಆಗಿದ್ದಿ," ಎಂದರು. ಆ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇಂದು ಅಚ್ಚಿನಲ್ಲಿ ಹೇಳುತ್ತಿದ್ದೇನೆ.

ಈಗ ಅನುಷ್ಕಾ ಎಂಟನೆಯ ತರಗತಿ. ಟೀಚರ ಕೊನೆಯ ತಂಡದ ವಿದ್ಯಾರ್ಥಿನಿ. ಟೀಚರ್ ನಿವೃತ್ತರಾದ ಮೇಲೆ ಆ ಹುದ್ದೆ ಭರ್ತಿಯಾಗುವುದಿಲ್ಲ. ಕರಕುಶಲ ಕೋಣೆಯನ್ನು ಕಂಪ್ಯೂಟರು ಕೋಣೆ ಮಾಡುವುದೆಂದು ತೀರ್ಮಾನವಾಗಿದೆ. ಅದಕ್ಕೆ ಏಸಿ ಹಾಕುವ ಕೆಲಸ ಬಂದದ್ದು ನನಗೆ. ಗೋಡೆಯ ಅಳತೆ ತೆಗೆಯಲು ಹೋದಾಗ ಟೀಚರ್ ಒಬ್ಬರೇ ನೆಲದ ಮೇಲೆ ಕುಳಿತು ಬೀರು ಖಾಲಿ ಮಾಡುತ್ತಿದ್ದರು. ಸುತ್ತಲೂ ಬಣ್ಣದ ರಾಶಿಗಳು.

"ಟೀಚರ್, ನಾನು ಬೇರೆ ಯಾರನ್ನಾದರೂ ಕಳಿಸ್ತೇನೆ," ಎಂದೆ.

"ಎಂತಕ್ಕೆ? ನೀನೇ ಹಾಕು. ನೀರು ಗೋಡೆಗೆ ಇಳಿಯದ ಹಾಗೆ ನೋಡ್ಕೋ. ಮಕ್ಕಳು ತಂಪಿನಲ್ಲಿ ಕೂತು ಕಲಿಯಲಿ." ಕೈಯಲ್ಲಿದ್ದ ಮದುವೆ ಕಾಗದದ ಚಿನ್ನದ ಅಂಚನ್ನು ಬೆರಳಿನಿಂದ ನೇವರಿಸಿದರು. "ಇದನ್ನೆಲ್ಲ ಎಲ್ಲಿ ಇಡುವುದು ಅಂತ ಗೊತ್ತಾಗುವುದಿಲ್ಲ ದೀಪೇಶ. ಮನೆಯಲ್ಲಿ ಜಾಗ ಇಲ್ಲ. ಗುಜರಿಗೆ ಹಾಕ್ಲಿಕ್ಕೆ ಮನಸ್ಸು ಬರುವುದಿಲ್ಲ."

ಹೊರಗೆ ಬಂದು ನಿಝಾರನಿಗೆ ಫೋನು ಮಾಡಿದೆ. ಅವನು ಬಜಪೆಯಲ್ಲಿ, ವಿಮಾನ ನಿಲ್ದಾಣದ ಹತ್ತಿರ, ಈಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ನಾನು ಹೇಳಿ ಮುಗಿಸುವ ಮುಂಚೆಯೇ ಅವನೆಂದ: "ಅಂಗಡಿಯ ಮೇಲೆ ರೂಮು ಖಾಲಿ ಉಂಟಲ್ಲ ಮಾರಾಯ. ವಿಮಾನದ ಸದ್ದು ಆಗ್ತದೆ. ಟೀಚರಿಗೆ ಅದು ತೊಂದರೆ ಇಲ್ಲದಿದ್ರೆ ನಾಳೆಯೇ ಬರಲಿ."

ಟೀಚರ್ ಕೂಡಲೇ ಒಪ್ಪಲಿಲ್ಲ. ವಾರ ಕಳೆದ ಮೇಲೆ ಮೋಹನದಾಸ ಅವರೇ ಹೋಟೆಲಿನ ಗಾಡಿಯಲ್ಲಿ ಚೂರುಗಳ ಚೀಲಗಳನ್ನು ಹೇರಿಕೊಂಡು ಬಂದರು. ಈಗ ಶನಿವಾರ ಮಧ್ಯಾಹ್ನ ಅಲ್ಲಿ ಕ್ಲಾಸು ನಡೆಯುತ್ತದೆ, ಅಲ್ಲಿಂದಲೇ 'ಚೂರುಪಾರು' ಪಾಠಗಳೂ ಹೊರಡುತ್ತವೆ. ವಿಮಾನ ಇಳಿಯುವಾಗ ಟೀಚರ್ ಮಾತು ನಿಲ್ಲಿಸಿ ಕೈ ಮಾತ್ರ ಆಡಿಸುತ್ತಾರೆ; ಸದ್ದು ಹೋದ ಮೇಲೆ ಮುಂದುವರಿಸುತ್ತಾರೆ. ಮಕ್ಕಳ ಜೊತೆಗೆ ಊರಿಗೆ ಮರಳಿದ ಗಲ್ಫಿನವರೂ ಕೆಲವರು ಬಂದು ಗೋಡೆಗೊರಗಿ ಕುಳಿತುಕೊಳ್ಳುತ್ತಾರೆ. ಅವರಿಗೆಲ್ಲ ಮನೆಯಲ್ಲಿ ಯಾರೊಡನೆಯೋ ಹೇಳದೆ ಉಳಿದ ಮಾತೊಂದು ಇರುವಂತೆ ನನಗೆ ತೋರುತ್ತದೆ.

ಇಂಥ ಲೇಖನದ ಕೊನೆಯಲ್ಲಿ ನೂರು ವರ್ಷ ಬಾಳಲಿ ಎಂದು ಹಾರೈಸುವುದು ಕ್ರಮ. ಲೆಕ್ಕ ಕಟ್ಟಿ ಹಾರೈಸಲು ನನಗೆ ಮನಸ್ಸಿಲ್ಲ. ಟೀಚರ ಕಣ್ಣು ಮಂಜಾಗದಿರಲಿ, ಬೆರಳು ನಡುಗದಿರಲಿ, ಮೋಹನದಾಸ ಅವರು ಪಕ್ಕದಲ್ಲಿ ಕೂತು ಫೋನು ಹಿಡಿದಿರಲಿ, ನಮ್ಮ ಮನೆಗಳಿಗೆ ಮದುವೆ ಕಾಗದಗಳು ಬರುತ್ತಲೇ ಇರಲಿ. ಅನುಷ್ಕಾ ಓದಿ, ಬೆಳೆದು, ಅವಳಿಗೂ ಒಂದು ಮಗುವಾಗಿ, ಆ ಮಗು ಅಂಗಡಿಯ ಮೇಲಿನ ಕೋಣೆಯಲ್ಲಿ ಕೈಯಲ್ಲೊಂದು ರಟ್ಟು ಹಿಡಿದು, "ನನಗೆ ಬರುವುದಿಲ್ಲ ಟೀಚರ್," ಎಂದು ಅಳುವ ದಿನ, "ಬರ್ತದೆ, ಇಲ್ಲಿ ಬಾ," ಎಂದು ಕರೆಯಲು ಅವರು ಅಲ್ಲಿ ಇರಬೇಕು.