ಕೆಂಪು ಅವತಾರದ ಗೊಂಬೆ

ಬಕೆಟ್ಟಿನ ನೀರಿನಲ್ಲಿ ಉಜ್ಜುತ್ತಿದ್ದಂತೆ ಕೆಂಪು ಗೊಂಬೆ ನೀಲಿಯಾಯಿತು. ಇಟ್ಟಿಗೆ ಜೋಡಿಸುವ ಆಟದ, ಬೆರಳುದ್ದದ ಸೂಪರ್‌ಹೀರೊ. ಒಂದೇ ಹೀರೊನ ಬೇರೆ ಬೇರೆ ಬಣ್ಣದ ಅವತಾರಗಳನ್ನು ಕೂಡಿಡುತ್ತಿದ್ದ, ನನ್ನ ನಾಲ್ಕನೇ ತರಗತಿಯ ಹುಡುಗಿ ರೇಣುಕಾಳದು. ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ ಸಂಡೂರಿನಲ್ಲಿ ಅದಿರಿನ ಕೆಂಪು ಧೂಳು ಹತ್ತದ ವಸ್ತುವೇ ಇರಲಿಲ್ಲ. ಇದೂ ಹಾಗೇ ಕೊಳೆಯಾಗಿದೆಯೆಂದು ತೊಳೆದಿದ್ದೆ.

ರೇಣುಕಾ ಕಂಪಾಸ್ ಡಬ್ಬಿಯಿಂದ ಇನ್ನೊಂದು ಗೊಂಬೆ ತೆಗೆದು ಪಕ್ಕದಲ್ಲಿಟ್ಟಳು. ಎರಡೂ ಒಂದೇ ಆಗಿದ್ದವು.

“ನೀಲಿದು ನಂದು, ಕೆಂಪಂದು ನಮ್ಮಪ್ಪಂದ್ರಿ ಟೀಚರ್. ಅಪ್ಪ ಸತ್ತ ಮ್ಯಾಲೆ ಅವನ ಅದಿರಿನ ಲಾರ್ಯಾಗಿಂದ ತಂದು ಕೊಟ್ಟಾರ್ರಿ.”

“ತಪ್ಪಾತವ್ವ” ಎಂದೆ.

“ಇರ್ಲಿ ಬಿಡ್ರಿ” ಎಂದಳು. ಯಾವುದು ಅಪ್ಪನದೆಂದು ಇನ್ನೂ ಹುಡುಕುತ್ತಲೇ ಇದ್ದಳು.

ದಿನಾ ಮನೆ ಒರೆಸಿ ಅಂಥದೇ ಕೆಂಪು ನೀರನ್ನು ಬೈಯುತ್ತ ಚೆಲ್ಲುವವಳು ನಾನು. ಅಂದು ಆ ಬಕೆಟ್ಟನ್ನು ಚೆಲ್ಲಲು ನನಗೆ ಕೈ ಬರಲಿಲ್ಲ.